ಯಾವ ವರ್ಷದ ಆಷಾಢದ ಗಾಳಿ ಜೋರು?



  ಚಿತ್ರದುರ್ಗ, ದಾವಣಗೆರೆ, ಗದಗ, ಕೊಪ್ಪಳದ ಕಡೆಯವರಿಗೆ ಆಷಾಢ ಎಂದರೆ ಮೊದಲು ನೆನಪಾಗುವುದು ಗಾಳಿ. ಬಿತ್ತಿದ ಹೊಲದ ಮಣ್ಣು ಮೇಲೇಳುತ್ತದೆ. ಛತ್ರಿ ತಿರುವು ಮುರುವಾಗುತ್ತದೆ. ಒಗೆದು ಹಾಕಿದ ಬಟ್ಟೆ ಪಕ್ಕದ ಮನೆಯ ಬೇಲಿಗೆ ಸಿಕ್ಕಿಕೊಳ್ಳುತ್ತದೆ. ದೊಡ್ಡಬಳ್ಳಾಪುರದಲ್ಲಿ ಮಕ್ಕಳಿಂದ ಮುದುಕರವರೆಗೆ ಎಲ್ಲರೂ ಗಾಳಿಪಟ ಹಿಡಿದು ಬಯಲಿಗೆ ಬರುವುದೂ ಈ ತಿಂಗಳಲ್ಲೇ.

ಈ ಗಾಳಿಯ ಬಗ್ಗೆ ನಮ್ಮೂರುಗಳ ಅರಳಿಕಟ್ಟೆಯ ಮೇಲೆ ಎರಡು ಮಾತು ಕೇಳುತ್ತವೆ. ಒಬ್ಬರು, “ಈ ಸರ್ತಿ ಗಾಳಿ ವಿಪರೀತ ಕಣಪ್ಪ” ಎನ್ನುತ್ತಾರೆ. ಪಕ್ಕದಲ್ಲಿ ಕೂತ ಹಿರಿಯರು, “ನಮ್ ಕಾಲದ ಆಷಾಢದ ಗಾಳಿ ಮುಂದೆ ಇದ್ಯಾವ ಗಾಳಿ ಬಿಡು” ಎನ್ನುತ್ತಾರೆ. ಒಂದೇ ದಿನ, ಒಂದೇ ಕಟ್ಟೆ. ಇಬ್ಬರ ಮೈಗೂ ಬಡಿದದ್ದು ಒಂದೇ ಗಾಳಿ.

ಇಬ್ಬರಲ್ಲಿ ಯಾರು ಸರಿ? ಇದು ಬರೀ ಹರಟೆಯ ಪ್ರಶ್ನೆಯಲ್ಲ, ಲೆಕ್ಕ ಹಾಕಿ ಉತ್ತರ ಹುಡುಕಬಹುದಾದ ಪ್ರಶ್ನೆ. ಆದರೆ ಒಂದು ವರ್ಷದ ಗಾಳಿಯನ್ನು ಇನ್ನೊಂದು ವರ್ಷದ ಗಾಳಿಯ ಪಕ್ಕದಲ್ಲಿಟ್ಟು ನೋಡುವುದು ಮಳೆಯನ್ನು ಹೋಲಿಸಿದಷ್ಟು ಸುಲಭವಲ್ಲ. ಬಿದ್ದ ಮಳೆಯನ್ನು ಹಿಡಿದಿಟ್ಟು ಅಳೆಯಬಹುದು. ಗಾಳಿ ಅಳೆಯುವಷ್ಟರಲ್ಲಿ ಮುಂದಿನ ಊರಿನಲ್ಲಿರುತ್ತದೆ. ಆ ಹೋಲಿಕೆಯನ್ನು ನ್ಯಾಯವಾಗಿ ಮಾಡುವುದು ಹೇಗೆ ಎಂಬುದೇ ಇವತ್ತಿನ ಮಾತು.

ಮೊದಲಿಗೆ, ಈ ಗಾಳಿ ಬರುವುದಾದರೂ ಎಲ್ಲಿಂದ?

ಅದು ನಮ್ಮೂರಿನ ಗಾಳಿಯಲ್ಲ. ಅದರ ಹುಟ್ಟು ಭೂಮಧ್ಯರೇಖೆಯ ಆಚೆ, ಹಿಂದೂ ಮಹಾಸಾಗರದ ದಕ್ಷಿಣ ಭಾಗದಲ್ಲಿ. ಅಲ್ಲಿ ಜೂನ್, ಜುಲೈ ತಿಂಗಳುಗಳಲ್ಲಿ ಚಳಿಗಾಲ. ಗಾಳಿಯ ಒತ್ತಡ ಹೆಚ್ಚು. ಇತ್ತ ರಾಜಸ್ಥಾನ, ಪಾಕಿಸ್ತಾನದ ನೆಲ ಕಾದು ಅಲ್ಲಿಯ ಒತ್ತಡ ಕಡಿಮೆ. ಒತ್ತಡ ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಗಾಳಿ ನುಗ್ಗುತ್ತದೆ. ಕೆನ್ಯಾದ ಬಳಿ ಭೂಮಧ್ಯರೇಖೆ ದಾಟುತ್ತದೆ. ಭೂಮಿ ತಿರುಗುವುದರಿಂದ ಬಲಕ್ಕೆ ಹೊರಳುತ್ತದೆ. ಸೋಮಾಲಿಯಾದ ಕರಾವಳಿ ಹಾದು, ಅರಬ್ಬೀ ಸಮುದ್ರದ ಮೇಲೆ ನೀರಿನ ಆವಿ ತುಂಬಿಕೊಂಡು ಪಶ್ಚಿಮಘಟ್ಟಕ್ಕೆ ಬಡಿಯುತ್ತದೆ. ಆಗುಂಬೆ, ಹುಲಿಕಲ್ಲಿನಲ್ಲಿ ಮಳೆ ಸುರಿಸುತ್ತದೆ. ಘಟ್ಟ ಇಳಿದು ಬಯಲುಸೀಮೆಗೆ ಬರುವಾಗ ನೀರು ಕಳೆದುಕೊಂಡಿರುತ್ತದೆ, ವೇಗವನ್ನು ಮಾತ್ರ ಉಳಿಸಿಕೊಂಡಿರುತ್ತದೆ. ಮಲೆನಾಡಿನವರಿಗೆ ಜಡಿಮಳೆಯಾಗುವ ಆಷಾಢ ನಮಗೆ ಒಣಗಾಳಿಯಾಗುವುದು ಹೀಗೆ.

ಇಲ್ಲಿ ನಮ್ಮ ದೇಶದ ಇಬ್ಬರು ವಿಜ್ಞಾನಿಗಳನ್ನು ನೆನೆಯಬೇಕು. 1966ರಲ್ಲಿ ಪಿ.ವಿ. ಜೋಸೆಫ್ ಮತ್ತು ಪಿ.ಎಲ್. ರಾಮನ್ ಒಂದು ಪ್ರಬಂಧ ಪ್ರಕಟಿಸಿದರು. ಹವಾಮಾನ ಇಲಾಖೆ ಆಕಾಶಕ್ಕೆ ಬಿಟ್ಟ ಬಲೂನುಗಳ ಲೆಕ್ಕವನ್ನು ಅವರು ಕೂಲಂಕಷವಾಗಿ ನೋಡಿದ್ದರು. ಜುಲೈ ತಿಂಗಳಲ್ಲಿ ದಕ್ಷಿಣ ಭಾರತದ ಮೇಲೆ, ಸಮುದ್ರಮಟ್ಟದಿಂದ ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಗಾಳಿಯ ಒಂದು ಹೊಳೆಯೇ ಹರಿಯುತ್ತದೆ ಎಂದು ತೋರಿಸಿದರು. ಅದರ ನಡುಮಧ್ಯದ ವೇಗ ಗಂಟೆಗೆ 75ರಿಂದ 110 ಕಿಲೋಮೀಟರ್ ಆಸುಪಾಸು.

ಈಗ ನಮ್ಮ ನೆಲದ ಎತ್ತರ ನೆನಪಿಸಿಕೊಳ್ಳಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಚಿತ್ರದುರ್ಗ 700 ಮೀಟರಿಗಿಂತ ಮೇಲೆ. ಅಂದರೆ ಆ ಗಾಳಿಹೊಳೆ ನಮ್ಮ ತಲೆಯ ಮೇಲೆ ಬರೀ 600ರಿಂದ 800 ಮೀಟರ್ ಎತ್ತರದಲ್ಲಿ ಹರಿಯುತ್ತಿರುತ್ತದೆ. ಚಿತ್ರದುರ್ಗದ ಜೋಗಿಮಟ್ಟಿಯ ಗುಡ್ಡ, ಗದಗದ ಕಪ್ಪತಗುಡ್ಡ ಅದಕ್ಕೆ ಇನ್ನೂ ಹತ್ತಿರ. ಹಗಲಲ್ಲಿ ನೆಲ ಕಾದು ಬಿಸಿಗಾಳಿ ಮೇಲೇರಿದಾಗ ಮೇಲಿನ ವೇಗದ ಗಾಳಿ ಕೆಳಕ್ಕಿಳಿದು ಬೆರೆಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಗಾಳಿ ಏರುವುದೂ, ರಾತ್ರಿ ಅನೇಕ ಕಡೆ ತಗ್ಗುವುದೂ ಇದರಿಂದಲೇ.

ಗಾಳಿ ಎಲ್ಲಿಂದ ಬರುತ್ತದೆ ಎಂದು ನೋಡಿದೆವು. ಈಗ ಹೋಲಿಕೆಗೆ ಬರೋಣ. ಮೊದಲ ತೊಡಕು ಇರುವುದು ಪಂಚಾಂಗದಲ್ಲೇ.

ಆಷಾಢ ಚಾಂದ್ರಮಾನದ ತಿಂಗಳು. ಅದು ಪ್ರತಿ ವರ್ಷ ಒಂದೇ ದಿನ ಬರುವುದಿಲ್ಲ. 2023ರಲ್ಲಿ ಆಷಾಢ ಶುರುವಾದದ್ದು ಜೂನ್ 19ಕ್ಕೆ. 2024ರಲ್ಲಿ ಜುಲೈ 6ಕ್ಕೆ. 2025ರಲ್ಲಿ ಜೂನ್ 26ಕ್ಕೆ. 2026ರಲ್ಲಿ ಅಧಿಕ ಜ್ಯೇಷ್ಠ ಬರುವುದರಿಂದ ಆಷಾಢ ಜುಲೈ ನಡುವಿಗೆ ಹೋಗಿ ಆಗಸ್ಟ್ ಎರಡನೇ ವಾರದವರೆಗೂ ಇರುತ್ತದೆ. ಒಂದು ಆಷಾಢಕ್ಕೂ ಇನ್ನೊಂದಕ್ಕೂ ಹೆಚ್ಚು ಕಡಿಮೆ ನಾಲ್ಕು ವಾರಗಳ ಅಂತರ ಬೀಳಬಹುದು. ಆದರೆ ಸೋಮಾಲಿಯಾ ದಾಟಿ ಬರುವ ಗಾಳಿ ಚಂದ್ರನನ್ನು ನೋಡಿ ಹೊರಡುವುದಿಲ್ಲ. ಅದು ಸೂರ್ಯನ ಲೆಕ್ಕದಲ್ಲಿ ನಡೆಯುತ್ತದೆ. ಜೂನ್‌ನಲ್ಲಿ ಬಲಗೊಂಡು, ಜುಲೈನಲ್ಲಿ ತುಂಬಿ, ಆಗಸ್ಟ್ ಕಳೆಯುತ್ತಾ ಇಳಿಯುತ್ತದೆ. ಹಾಗಾಗಿ ಹೋದ ವರ್ಷದ ಆಷಾಢವನ್ನು ಈ ವರ್ಷದ ಆಷಾಢದೊಂದಿಗೆ ಹೋಲಿಸಿದರೆ ನಾವು ಬೇರೆ ಬೇರೆ ದಿನಗಳನ್ನು ಹೋಲಿಸಿದಂತಾಯಿತು.

ನಮ್ಮ ರೈತರ ಬಳಿ ಇದಕ್ಕೆ ಒಳ್ಳೆಯ ಅಳತೆಗೋಲು ಆಗಲೇ ಇದೆ. ಅವು ಮಳೆ ನಕ್ಷತ್ರಗಳು. ಮೃಗಶಿರಾ, ಆರಿದ್ರಾ, ಪುನರ್ವಸು, ಪುಷ್ಯ. ಇವು ಸೂರ್ಯನ ಲೆಕ್ಕದವು. ಮೃಗಶಿರಾ ಪ್ರತಿ ವರ್ಷ ಜೂನ್ 8ರ ಸುಮಾರಿಗೆ, ಆರಿದ್ರಾ 22ರ ಸುಮಾರಿಗೆ, ಪುನರ್ವಸು ಜುಲೈ 6ರ ಸುಮಾರಿಗೆ ಹುಟ್ಟುತ್ತವೆ. ಒಂದೊಂದೂ ಎರಡೆರಡು ವಾರ. ದಿನ ಹೆಚ್ಚು ಕದಲುವುದಿಲ್ಲ. ಅಜ್ಜ “ಆರಿದ್ರಾ ಮಳೆಯಾಗೆ ಗಾಳಿ ಜೋರಿತ್ತು” ಎಂದರೆ ಅದನ್ನು ಈ ವರ್ಷದ ಆರಿದ್ರೆಯ ಪಕ್ಕದಲ್ಲಿಟ್ಟು ನೋಡಬಹುದು. ಅವರು ನಕ್ಷತ್ರ ಹಿಡಿದು ಹೇಳಿದ ಮಾತು, ತಿಂಗಳು ಹಿಡಿದು ಹೇಳಿದ ಮಾತಿಗಿಂತ ನಂಬಿಕೆಗೆ ಹೆಚ್ಚು ಅರ್ಹ ಎಂದು ನಾನು ಎಣಿಸುತ್ತೇನೆ.

ಇನ್ನೊಂದು ಮಾತು. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು. ಸಾಮಾನ್ಯವಾಗಿ ಮುಟ್ಟುವುದು ಜೂನ್ 1ಕ್ಕೆ. ಒಂದು ವಾರ ಮುಂಚೆ ಬಂದದ್ದನ್ನು ನೋಡಿದವರಿಗೆ ಇಡೀ ಕಾಲವೇ ಜೋರಾಗಿದೆ ಎನ್ನಿಸುವುದು ಸಹಜ. ಬೇಗ ಬರುವುದು ಬೇರೆ, ಜೋರಾಗಿ ಬೀಸುವುದು ಬೇರೆ.

ಹಾಗೆಯೇ ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯ ಮುಂದೆ ಬರುವ ಬಿರುಗಾಳಿಯನ್ನೂ ಆಷಾಢದ ಗಾಳಿಯನ್ನೂ ಒಂದೇ ಲೆಕ್ಕಕ್ಕೆ ಸೇರಿಸಬಾರದು. ಬಿರುಗಾಳಿ ಹತ್ತಿಪ್ಪತ್ತು ನಿಮಿಷ ಬೀಸಿ, ಬಾಳೆ ತೋಟ ನೆಲಕ್ಕೆ ಹಾಕಿ, ತಗಡು ಹಾರಿಸಿ ಹೋಗುತ್ತದೆ. ಅದು ಹತ್ತು ವರ್ಷ ನೆನಪಿರುತ್ತದೆ. ಆದರೆ ತಿಂಗಳ ಸರಾಸರಿಯಲ್ಲಿ ಅದರ ಪಾಲು ತೀರಾ ಚಿಕ್ಕದು. ಆಷಾಢದ ಗಾಳಿ ಏನನ್ನೂ ಕೆಡವದೆ ದಿನವಿಡೀ, ವಾರಗಟ್ಟಲೆ ಬೀಸುತ್ತದೆ. ಸರಾಸರಿಯಲ್ಲಿ ದೊಡ್ಡದು ಅದೇ. ನೆನಪು ಹಾನಿಯನ್ನು ಎಣಿಸುತ್ತದೆ, ಗಾಳಿಯನ್ನಲ್ಲ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಒಂದೇ ದಿನಗಳನ್ನು ಹೋಲಿಸಬೇಕು. ಒಂದೇ ಬಗೆಯ ಗಾಳಿಯನ್ನು ಹೋಲಿಸಬೇಕು. ಇನ್ನು ಅಳೆಯುವ ಸಾಧನ, ಅಳೆಯುವ ಜಾಗ.

1846ರಲ್ಲಿ ಐರ್ಲೆಂಡಿನ ಆರ್ಮಾ ಖಗೋಳ ವೀಕ್ಷಣಾಲಯದ ಥಾಮಸ್ ರಾಬಿನ್ಸನ್ ನಾಲ್ಕು ಬಟ್ಟಲುಗಳ ಗಾಳಿಮಾಪಕ ಮಾಡಿದರು. ಅಡ್ಡ ಕಡ್ಡಿಗಳ ತುದಿಗೆ ಅರೆಗೋಳದ ಬಟ್ಟಲು. ಗಾಳಿ ಬೀಸಿದರೆ ಗಿರ್ರನೆ ತಿರುಗುತ್ತದೆ. ಬಟ್ಟಲುಗಳು ಗಾಳಿಯ ವೇಗದ ಮೂರನೇ ಒಂದು ಪಾಲಿನಲ್ಲಿ ಓಡುತ್ತವೆ ಎಂದು ಅವರು ತಿಳಿದಿದ್ದರು. ಅದು ತಪ್ಪು ಎಂದು ಮುಂದೆ ಗೊತ್ತಾಯಿತು. ಆ ಅನುಪಾತ ಬಟ್ಟಲಿನ ಗಾತ್ರ, ಕಡ್ಡಿಯ ಉದ್ದಕ್ಕೆ ತಕ್ಕಂತೆ ಬದಲಾಗುತ್ತದೆ. ಅಂದರೆ ಬಹಳ ಹಳೆಯ ಕಾಲದ ಅಂಕಿಗಳನ್ನು ಇದ್ದ ಹಾಗೆ ತಂದು ಇಂದಿನ ಅಂಕಿಯ ಪಕ್ಕ ಇಡುವಂತಿಲ್ಲ, ತಿದ್ದಿಯೇ ಇಡಬೇಕು. ಈಗ ಬಳಕೆಯಲ್ಲಿರುವುದು ಹೆಚ್ಚಾಗಿ ಮೂರು ಬಟ್ಟಲಿನದು.

ನಮ್ಮ ವೀಕ್ಷಣಾಲಯಗಳಲ್ಲಿ ಈ ಮಾಪಕದ ಕೆಳಗೆ ಅಂಕಿ ತೋರಿಸುವ ಒಂದು ಕಿಂಡಿ ಇರುತ್ತದೆ. ಮನೆಯ ಕರೆಂಟ್ ಮೀಟರಿನ ಹಾಗೆ, ಅಂಕಿ ಏರುತ್ತಲೇ ಹೋಗುತ್ತದೆ. ವೀಕ್ಷಕರು ಬೆಳಿಗ್ಗೆ ಎಂಟೂವರೆಗೆ ಬಂದು ಓದುತ್ತಾರೆ. ನಿನ್ನೆ ಅದೇ ಹೊತ್ತಿಗೆ 41,200 ಇತ್ತು, ಇವತ್ತು 41,680 ಇದೆ ಎಂದುಕೊಳ್ಳಿ. ಒಂದು ದಿನದಲ್ಲಿ 480 ಕಿಲೋಮೀಟರ್ ಗಾಳಿ ಆ ಕಂಬವನ್ನು ಹಾದುಹೋಯಿತು. 24 ಗಂಟೆಗೆ ಭಾಗಿಸಿದರೆ ಗಂಟೆಗೆ 20 ಕಿಲೋಮೀಟರ್. ಅದು ಆ ದಿನದ ಸರಾಸರಿ. ಅವರು ಅದನ್ನು ಪುಸ್ತಕದಲ್ಲಿ ಬರೆದು ರುಜು ಹಾಕುತ್ತಾರೆ. ಜಡಿ ಇರಲಿ, ಹಬ್ಬವಿರಲಿ, ಆ ಹೊತ್ತು ತಪ್ಪುವಂತಿಲ್ಲ. ಹಿಂದಿನ ವರ್ಷದೊಂದಿಗೆ ಹೋಲಿಸುವ ನಮ್ಮ ಶಕ್ತಿಯೆಲ್ಲ ಹೀಗೆ ಯಾರೋ ಎದ್ದು ಬಂದು ಬರೆದ ಒಂದೊಂದು ಸಾಲಿನಿಂದ ಬಂದದ್ದು. ಅವರ ಬಗ್ಗೆ ನನಗೆ ತುಂಬಾ ಗೌರವ.

ಕನ್ನಡ ನಾಡಿನಲ್ಲಿ ಈ ಕೆಲಸ ಹಳೆಯದು. 1890ರ ದಶಕದಲ್ಲೇ ಮೈಸೂರು ಸಂಸ್ಥಾನ ಬೆಂಗಳೂರು, ಮೈಸೂರು, ಹಾಸನ, ಚಿತ್ರದುರ್ಗ ಈ ನಾಲ್ಕು ಕಡೆ ವೀಕ್ಷಣಾಲಯ ನಡೆಸುತ್ತಿತ್ತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಜಾನ್ ಕುಕ್ ಅವರು ಅವುಗಳ ಲೆಕ್ಕವನ್ನು ವರದಿಯಾಗಿ ಅಚ್ಚು ಹಾಕಿಸಿದರು. ಗಾಳಿಗೆ ಹೆಸರಾದ ದುರ್ಗ ಆ ನಾಲ್ಕರಲ್ಲಿ ಒಂದಾಗಿದ್ದುದು ನಮ್ಮ ಭಾಗ್ಯ.

ಇನ್ನು ಜಾಗ. ಮಾಪಕ ನೆಲದಿಂದ 10 ಮೀಟರ್ ಎತ್ತರದಲ್ಲಿರಬೇಕು. ಸುತ್ತ ಬಯಲಿರಬೇಕು. ಹತ್ತಿರದಲ್ಲಿ ಮರವೋ ಕಟ್ಟಡವೋ ಇದ್ದರೆ, ಅದರ ಎತ್ತರದ ಹತ್ತು ಪಟ್ಟಾದರೂ ದೂರದಲ್ಲಿರಬೇಕು. 12 ಮೀಟರ್ ಎತ್ತರದ ಮನೆ ಎಂದರೆ 120 ಮೀಟರ್ ದೂರ. ಐವತ್ತು ವರ್ಷದ ಹಿಂದೆ ಊರ ಹೊರಗಿದ್ದ ವೀಕ್ಷಣಾಲಯ ಇವತ್ತು ಊರ ನಡುವೆ ಇದೆ. ಅಂದು ನೆಟ್ಟ ಸಸಿ ಈಗ ಹೆಮ್ಮರ. ಪಕ್ಕದಲ್ಲಿ ಮೂರಂತಸ್ತಿನ ಕಟ್ಟಡ. ಜೊತೆಗೆ ಬಟ್ಟಲು ತಿರುಗುವ ಬೇರಿಂಗ್ ಸವೆದಿದ್ದರೆ ಮಾಪಕವೇ ನಿಧಾನ. ಹೀಗಿರುವಾಗ ಅಂಕಿ ಇಳಿದರೆ ಅದು ಗಾಳಿ ಇಳಿದದ್ದೋ, ಗಾಳಿಗೆ ಅಡ್ಡ ಬಂದದ್ದೋ?

ಈ ಪ್ರಶ್ನೆ ಇಡೀ ಜಗತ್ತಿನದು. ಉತ್ತರ ಗೋಳಾರ್ಧದ 800ಕ್ಕೂ ಹೆಚ್ಚು ಕೇಂದ್ರಗಳ 1979ರಿಂದ 2008ರವರೆಗಿನ ಲೆಕ್ಕವನ್ನು ಒಂದು ಅಧ್ಯಯನ ತೆಗೆದು ನೋಡಿದಾಗ ನೆಲದ ಮೇಲಿನ ಗಾಳಿ ಶೇಕಡ 5ರಿಂದ 15ರಷ್ಟು ತಗ್ಗಿದ್ದು ಕಂಡಿತು. ಭಾರತದ ಹವಾಮಾನ ಕೇಂದ್ರಗಳಲ್ಲೂ ಬಹುಪಾಲು ಕಡೆ ಇದೇ ಇಳಿಕೆ. ಆದರೆ ಎತ್ತರದ ಗಾಳಿಯಲ್ಲಿ ಅಷ್ಟೇ ಇಳಿಕೆ ಕಾಣಲಿಲ್ಲ. ಹಾಗಾದರೆ ನೆಲವೇ ಬದಲಾಗಿದೆ. ಗಿಡಮರ ಬೆಳೆದಿವೆ, ಕಟ್ಟಡ ಎದ್ದಿವೆ, ಗಾಳಿ ಅವುಗಳಿಗೆ ತಾಗಿ ಸೊರಗುತ್ತದೆ. ಇಳಿಕೆಯ ಒಂದು ದೊಡ್ಡ ಪಾಲಿಗೆ ಇದೇ ಕಾರಣವೆಂದು ಆ ಅಧ್ಯಯನ ಹೇಳಿತು. ಅಷ್ಟಕ್ಕೇ ಮುಗಿಯಲಿಲ್ಲ. 2010ರ ನಂತರ ಜಗತ್ತಿನ ಸರಾಸರಿ ಗಾಳಿ ಮತ್ತೆ ಏರತೊಡಗಿದೆ ಎಂದು 2019ರ ಇನ್ನೊಂದು ಅಧ್ಯಯನ ತೋರಿಸಿತು. ಕಟ್ಟಡಗಳೇನೂ ಕಡಿಮೆಯಾಗಿರಲಿಲ್ಲವಲ್ಲ. ಹಾಗಾಗಿ ಸಮುದ್ರ ಮತ್ತು ವಾತಾವರಣದ ದೊಡ್ಡ ಏರಿಳಿತಗಳಿಗೂ ಇದರಲ್ಲಿ ಪಾಲಿದೆ.

ನಮ್ಮ ಮುಂಗಾರು ಗಾಳಿಯ ಬಗ್ಗೆಯೇ ನೋಡಿದರೆ, 2018ರಲ್ಲಿ ಬಂದ ಒಂದು ಅಧ್ಯಯನ 1980ರಿಂದ 2016ರ ನಡುವೆ ಭಾರತದಲ್ಲಿ ಗಾಳಿಯಿಂದ ಪಡೆಯಬಹುದಾದ ಶಕ್ತಿ ಸುಮಾರು ಶೇಕಡ 13 ಕುಗ್ಗಿದೆ ಎಂದು ಲೆಕ್ಕ ಹಾಕಿತು. ಹಿಂದೂ ಮಹಾಸಾಗರ ಬಿಸಿಯಾಗುತ್ತಿದೆ. ಸಮುದ್ರ ಕಾದಷ್ಟೂ ನೆಲಕ್ಕೂ ನೀರಿಗೂ ಇರುವ ಬಿಸಿಯ ಅಂತರ ಕಡಿಮೆ. ಗಾಳಿಯನ್ನು ಎಳೆಯುವುದೇ ಆ ಅಂತರ.

ಹಾಗಾದರೆ ಕಟ್ಟೆಯ ಮೇಲಿನ ಹಿರಿಯರ ಮಾತಿನಲ್ಲಿ ಹುರುಳಿದೆ. ಅವರು ಹುಡುಗರಾಗಿದ್ದಾಗಿನ ಬಯಲಿನ ಗಾಳಿ ಇಂದಿನದಕ್ಕಿಂತ ಜೋರಾಗಿಯೇ ಇದ್ದಿರಬಹುದು. ಮತ್ತೊಬ್ಬರ ಮಾತೂ ಸುಳ್ಳಾಗಬೇಕಿಲ್ಲ. ದೀರ್ಘಕಾಲದ ಇಳಿಕೆ ಒಂದು, ವರ್ಷದಿಂದ ವರ್ಷಕ್ಕೆ ಆಗುವ ಏರುಪೇರು ಇನ್ನೊಂದು. ಎರಡನೆಯದು ಮೊದಲನೆಯದನ್ನು ಮರೆಮಾಡಬಲ್ಲದು.

ಆ ಏರುಪೇರು ಯಾಕೆ? ಜೋಸೆಫ್ ಅವರು ಮುಂದೆ ಮಾಡಿದ ಕೆಲಸದಲ್ಲೇ ಇದಕ್ಕೆ ಉತ್ತರವಿದೆ. ಮುಂಗಾರು ಚುರುಕಾಗಿರುವಾಗ ಆ ಗಾಳಿಹೊಳೆ ನೇರವಾಗಿ ಕರ್ನಾಟಕ, ಆಂಧ್ರದ ಮೇಲೆ ಹಾಯುತ್ತದೆ. ಮುಂಗಾರು ಬಿಡುವು ಕೊಟ್ಟಾಗ ಅದು ದಕ್ಷಿಣಕ್ಕೆ ಜಾರಿ ಶ್ರೀಲಂಕಾದ ಆಚೀಚೆಗೆ ಹೋಗುತ್ತದೆ. ಹಾಗಾಗಿ ಒಂದು ಜುಲೈಯಲ್ಲಿ ಬಿಡುವಿನ ದಿನಗಳು ಎಷ್ಟಿದ್ದವು ಎಂಬುದು ಆ ತಿಂಗಳ ಗಾಳಿಯ ಸರಾಸರಿಯನ್ನೇ ಬದಲಾಯಿಸಬಲ್ಲದು. 2002ರ ಜುಲೈ ನೆನಪಿರಬಹುದು. ಮುಂಗಾರು ಹೀಗೆ ಬಿಡುವು ಕೊಟ್ಟು, ದೇಶಕ್ಕೆ ಬರಬೇಕಾದ ಮಳೆಯಲ್ಲಿ ಸುಮಾರು ಅರ್ಧದಷ್ಟೇ ಬಂದ ತಿಂಗಳು ಅದು.

ಮಳೆ ಕೈಕೊಟ್ಟರೆ ಎಲ್ಲರಿಗೂ ಗೊತ್ತಾಗುತ್ತದೆ. ಗಾಳಿ ಕೈಕೊಟ್ಟರೆ? ಅದೂ ಈಗ ಗೊತ್ತಾಗತೊಡಗಿದೆ, ಯಾಕೆಂದರೆ ನಮ್ಮ ಮನೆಯ ದೀಪ ಅದನ್ನು ನಂಬಿದೆ. ಕರ್ನಾಟಕದಲ್ಲಿ ಗಾಳಿ ವಿದ್ಯುತ್ ಯಂತ್ರಗಳ ಸಾಮರ್ಥ್ಯ 7,000 ಮೆಗಾವಾಟ್ ದಾಟಿದೆ. ವರ್ಷದ ಉತ್ಪಾದನೆಯಲ್ಲಿ ಅರ್ಧಕ್ಕಿಂತ ಹೆಚ್ಚು ಬರುವುದು ಮುಂಗಾರಿನ ತಿಂಗಳುಗಳಲ್ಲಿ. 2020ರ ಜುಲೈಯಲ್ಲಿ ಗಾಳಿ ಎಷ್ಟು ಸೊರಗಿತೆಂದರೆ, ದೇಶದ ಗಾಳಿ ವಿದ್ಯುತ್ ಹಿಂದಿನ ಜುಲೈಗೆ ಹೋಲಿಸಿದರೆ ಮೂರನೇ ಒಂದು ಪಾಲಿಗಿಂತಲೂ ಹೆಚ್ಚು ಕುಸಿಯಿತು. ಯಂತ್ರಗಳೆಲ್ಲ ಇದ್ದಲ್ಲೇ ಇದ್ದವು.

ಇದರಲ್ಲಿ ಒಂದು ಗಣಿತವಿದೆ. ಗಾಳಿಯ ಶಕ್ತಿ ಅದರ ವೇಗದ ಘನಕ್ಕೆ ತಕ್ಕಂತೆ ಇರುತ್ತದೆ. ವೇಗ ಗಂಟೆಗೆ 20 ಕಿಲೋಮೀಟರಿನಿಂದ 18ಕ್ಕೆ ಇಳಿದರೆ ನಮ್ಮ ಮೈಗೆ ವ್ಯತ್ಯಾಸ ತಿಳಿಯುವುದೇ ಇಲ್ಲ. ಆದರೆ ಶಕ್ತಿ ಕಾಲುಭಾಗಕ್ಕಿಂತ ಹೆಚ್ಚು ಹೋಗಿರುತ್ತದೆ. ವೇಗ 16ಕ್ಕೆ ಇಳಿದರೆ ಶಕ್ತಿ ಹತ್ತಿರ ಹತ್ತಿರ ಅರ್ಧ. ಅಂದಾಜಿನ ಮಾತು ಸಾಲದು, ಅಳತೆ ಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಇದನ್ನು ಬಹಳ ಮೊದಲೇ ಮನಗಂಡವರು ಅನ್ನಾ ಮಣಿ. 1918ರಲ್ಲಿ ಕೇರಳದ ಪೀರುಮೇಡಿನಲ್ಲಿ ಹುಟ್ಟಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಬಳಿ ವಜ್ರ, ಮಾಣಿಕ್ಯಗಳ ಮೇಲೆ ಕೆಲಸ ಮಾಡಿದವರು. ಆಮೇಲೆ ಹವಾಮಾನ ಇಲಾಖೆ ಸೇರಿ, ಪರದೇಶದಿಂದ ತರಿಸುತ್ತಿದ್ದ ಉಪಕರಣಗಳನ್ನು ಇಲ್ಲೇ ತಯಾರಿಸುವಂತೆ ಮಾಡಿದರು. 1976ರಲ್ಲಿ ನಿವೃತ್ತರಾದರೂ ಸುಮ್ಮನೆ ಕೂರಲಿಲ್ಲ. ಬೆಂಗಳೂರಿನಲ್ಲಿ ಗಾಳಿಯ ವೇಗ ಅಳೆಯುವ ಉಪಕರಣಗಳ ಪುಟ್ಟ ಕಾರ್ಖಾನೆ ನಡೆಸಿದರು. ದೇಶದ ನೂರಾರು ತಾಣಗಳ ಗಾಳಿಯ ಲೆಕ್ಕವನ್ನು ಸಂಪುಟಗಳಾಗಿ ತಂದರು. ಇವತ್ತು ಗುಡ್ಡದ ಮೇಲೆ ತಿರುಗುವ ಒಂದೊಂದು ರೆಕ್ಕೆಯ ಹಿಂದೆ ಆ ಲೆಕ್ಕದ ಋಣವಿದೆ. ಗದಗ, ಚಿತ್ರದುರ್ಗದ ಶಾಲಾ ಮಕ್ಕಳಿಗೆ ಅವರ ಹೆಸರು ಗೊತ್ತಿರಬೇಕು ಎಂಬುದು ನನ್ನ ಆಸೆ.

ಒಂದು ಎಚ್ಚರಿಕೆ. ವಿದ್ಯುತ್ ಹೆಚ್ಚು ಬಂತು, ಆದ್ದರಿಂದ ಗಾಳಿ ಹೆಚ್ಚು ಎನ್ನುವಂತಿಲ್ಲ. ಯಂತ್ರಗಳ ಸಂಖ್ಯೆ ವರ್ಷ ವರ್ಷ ಏರುತ್ತಿದೆ. ಹೊಸವು ಹಳೆಯವಕ್ಕಿಂತ ಬಹಳ ಎತ್ತರ. ಅವೇ ಯಂತ್ರಗಳನ್ನು ಅವೇ ಯಂತ್ರಗಳೊಂದಿಗೆ ಹೋಲಿಸಿದರೆ ಮಾತ್ರ ಗಾಳಿಯ ಸುದ್ದಿ ಸಿಗುತ್ತದೆ.

ದಿನ, ಗಾಳಿಯ ಬಗೆ, ಸಾಧನ, ಜಾಗ, ಯಂತ್ರ ಇಷ್ಟನ್ನು ನೋಡಿದೆವು. ಕೊನೆಯದಾಗಿ, ಕೇಳುತ್ತಿರುವ ನೀವು ಮನೆಯಲ್ಲೇ ಮಾಡಬಹುದಾದದ್ದು.

ಮಾಪಕ ಬೇಡ. 1805ರಲ್ಲಿ ಬ್ರಿಟಿಷ್ ನೌಕಾಪಡೆಯ ಫ್ರಾನ್ಸಿಸ್ ಬೋಫೋರ್ಟ್ ಹಡಗಿನವರಿಗಾಗಿ ಗಾಳಿಯ ಬಲಕ್ಕೆ ಅಂಕಿ ಕೊಟ್ಟರು. ಅದನ್ನು ಸುಮಾರು ನೂರು ವರ್ಷದ ನಂತರ ನೆಲದವರ ಬಳಕೆಗೆ ಹೊಂದಿಸಿದವರು ಜಾರ್ಜ್ ಸಿಂಪ್ಸನ್. ಅವರು ಆಮೇಲೆ ನಮ್ಮ ಹವಾಮಾನ ಇಲಾಖೆಯಲ್ಲೂ ದುಡಿದವರು. ಅವರ ಲೆಕ್ಕ ಹೀಗಿದೆ. ಎಲೆಗಳೂ ಸಣ್ಣ ಕಡ್ಡಿಗಳೂ ಬಿಡದೆ ಅಲುಗುತ್ತಿದ್ದರೆ 3. ಧೂಳು, ಕಾಗದದ ಚೂರು ಮೇಲೆದ್ದು ಸಣ್ಣ ಕೊಂಬೆ ಅಲುಗಿದರೆ 4. ಎಲೆ ತುಂಬಿದ ಚಿಕ್ಕ ಮರ ತೂಗಿದರೆ 5. ದೊಡ್ಡ ಕೊಂಬೆ ಅಲ್ಲಾಡಿ, ತಂತಿ ಸುಯ್ಯೆಂದು, ಛತ್ರಿ ಹಿಡಿಯುವುದು ಕಷ್ಟವಾದರೆ 6. 3 ಎಂದರೆ ಗಂಟೆಗೆ ಸುಮಾರು 15 ಕಿಲೋಮೀಟರ್, 6 ಎಂದರೆ ಸುಮಾರು 45.

ಜೂನ್ 22ಕ್ಕೆ ಆರಿದ್ರಾ ಹುಟ್ಟುತ್ತದೆ. ಅಂದಿನಿಂದ ಪುಷ್ಯ ಮಳೆ ಮುಗಿಯುವವರೆಗೆ, ಅಂದರೆ ಆಗಸ್ಟ್ 2ರವರೆಗೆ, ದಿನವೂ ಸಂಜೆ ಐದೂವರೆಗೆ ಒಂದೇ ಜಾಗದಲ್ಲಿ ನಿಂತು, ಒಂದೇ ಮರವನ್ನು ನೋಡಿ ಒಂದು ಅಂಕಿ ಬರೆಯಿರಿ. ತೀರಾ ಎಳೆಯ ಮರ ಬೇಡ, ಮುಂದಿನ ವರ್ಷಕ್ಕೆ ಅದು ಬೆಳೆದುಬಿಡುತ್ತದೆ. ಬೆಳೆದು ನಿಂತ ಬೇವೋ ಹುಣಸೆಯೋ ಇರಲಿ. ಒಂದು ಸಂಜೆ ತಪ್ಪಿದರೆ ಆ ಜಾಗ ಖಾಲಿ ಬಿಡಿ, ಮರುದಿನ ನೆನಪಿನಿಂದ ತುಂಬಬೇಡಿ. ಗುಡುಗು ಮಳೆ ಬಂದ ದಿನಕ್ಕೆ ಪಕ್ಕದಲ್ಲಿ ಒಂದು ಗುರುತು ಹಾಕಿ. ಮುಂದಿನ ವರ್ಷವೂ ಜೂನ್ 22ಕ್ಕೇ ಶುರುಮಾಡಿ, ಆಷಾಢಕ್ಕಾಗಿ ಕಾಯಬೇಡಿ. ಮನೆಯಲ್ಲಿ ಹೈಸ್ಕೂಲಿಗೆ ಹೋಗುವ ಹುಡುಗಿಯೋ ಹುಡುಗನೋ ಇದ್ದರೆ ಪುಸ್ತಕ ಅವರ ಕೈಗೇ ಕೊಡಿ. ನಮಗಿಂತ ಹೆಚ್ಚು ವರ್ಷಗಳನ್ನು ಹೋಲಿಸಿ ನೋಡುವ ಅವಕಾಶ ಅವರಿಗಿದೆ.